ಉದ್ರಿ ಮುಳುಗಿದರೆ 420 ಆಗುತ್ತಾ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. 2025ರ ಒಂದು ಗುರುವಾರ ಸಂಜೆ, ನಾನು ಲೆಕ್ಕ ನೋಡಿಕೊಳ್ಳುವ ದಲಾಲಿ ಅಂಗಡಿಗೆ ಹೋಗಿದ್ದೆ. ಹೊರಗೆ ಹಮಾಲರು ಲಾರಿಗೆ ಚೀಲ ಏರಿಸುತ್ತಿದ್ದರು. ಒಳಗೆ ಸಾವ್ಕಾರ್ರು ಗಾದಿ ಮೇಲೆ ಒಂದು ಕಾಗದ ಹಿಡಿದು ಸುಮ್ಮನೆ ಕೂತಿದ್ದರು. ಹೈಕೋರ್ಟಿನ ಧಾರವಾಡ ಪೀಠದ ಆದೇಶದ ಪ್ರತಿ ಅದು. ಅವರು ಕೊಟ್ಟ ದೂರಿನ ಮೇಲೆ ದಾಖಲಾಗಿದ್ದ ಕ್ರಿಮಿನಲ್ ಕೇಸನ್ನು ಕೋರ್ಟು ರದ್ದು ಮಾಡಿತ್ತು.

"ರೊಕ್ಕಾನೂ ಹೋತು, ಕೋರ್ಟೂ ಅವನ ಕಡೀಗೇ ಆತು. ಇನ್ನೇನ್ ಉಳೀತ್ರಿ?" ಅಂದರು.

ನಡೆದದ್ದು ಇಷ್ಟು. ಹೊರ ರಾಜ್ಯದ ಒಬ್ಬ ಖರೀದಿದಾರ ಎರಡು ವರ್ಷದಿಂದ ಇವರ ಅಂಗಡಿಯಲ್ಲಿ ಮಾಲು ಎತ್ತುತ್ತಿದ್ದ. ಹದಿನೈದು ದಿನದ ವಾಯ್ದೆ, ಸ್ವಲ್ಪ ಹಿಂದುಮುಂದಾದರೂ ರೊಕ್ಕ ಬರುತ್ತಿತ್ತು. 2024ರ ಫೆಬ್ರವರಿಯಲ್ಲಿ 14 ಲಕ್ಷ ರೂಪಾಯಿಯ ಲೋಡ್ ಹೋಯಿತು. 5 ಲಕ್ಷದ 40 ಸಾವಿರ ಬಂತು. ಉಳಿದ 8 ಲಕ್ಷದ 60 ಸಾವಿರ ಬರಲೇ ಇಲ್ಲ. ರೈತರಿಗೆ ಮಾತ್ರ ಸಾವ್ಕಾರ್ರು ಪಟ್ಟಿ ಮಾಡಿ ತಮ್ಮ ಕೈಯಿಂದ ಕೊಟ್ಟುಬಿಟ್ಟಿದ್ದರು. ಅಂದರೆ ಪೂರ್ತಿ ಹೊಡೆತ ಇವರಿಗೇ.

ಮಾರ್ಚ್‌ನಲ್ಲಿ ಏನಾಯಿತು ಅನ್ನುವುದು ಈ ಭಾಗದವರಿಗೆ ನೆನಪಿದೆ. ಮೆಣಸಿನಕಾಯಿ ದರ ಬಿತ್ತು. 2024ರ ಮಾರ್ಚ್ 11ರಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಹೆಚ್ಚಿನ ದರಕ್ಕೆ ಕೊಂಡು ಮಾಲು ಇಟ್ಟುಕೊಂಡವರ ರೊಕ್ಕ ಅಲ್ಲೇ ಸಿಕ್ಕಿಬಿತ್ತು. ನಮ್ಮ ಈ ಖರೀದಿದಾರನೂ ಹಾಗೆ ಸಿಕ್ಕಿಬಿದ್ದವನೇ ಇರಬೇಕು ಅಂತ ಖಾತೆ ನೋಡಿದಾಗ ನನಗೆ ಅನಿಸಿತ್ತು. ಸಾವ್ಕಾರ್ರಿಗೆ ಹಾಗೆ ಅನಿಸಲಿಲ್ಲ. ಎಂಟೂವರೆ ಲಕ್ಷ ಕಳಕೊಂಡವರಿಗೆ ಅನಿಸುವುದೂ ಕಷ್ಟ. ಜೂನ್ ತಿಂಗಳಲ್ಲಿ ಐಪಿಸಿ 420 (ಮೋಸ) ಮತ್ತು 406ರ (ನಂಬಿಕೆ ದ್ರೋಹ) ಕೆಳಗೆ ಎಫ್‌ಐಆರ್ ಆಯಿತು. ಮುಂದಿನ ವರ್ಷ ಅದು ರದ್ದಾಯಿತು.

ನಾನು ವಕೀಲನಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ವ್ಯಾಪಾರಿಗಳ ಲೆಕ್ಕ ಮತ್ತು ಜಿಎಸ್‌ಟಿ ನೋಡಿಕೊಳ್ಳುವವನು. ಆದರೆ ಬಾಕಿ ಹಣದ ಜಗಳ ಸ್ಟೇಷನ್ ಮೆಟ್ಟಿಲು ಹತ್ತಿ, ಅಲ್ಲಿಂದ ಧಾರವಾಡದ ಹತ್ತಿರದ ಬೇಲೂರಿನಲ್ಲಿರುವ ಹೈಕೋರ್ಟ್ ಕಟ್ಟಡದವರೆಗೆ ಹೋಗಿ, ಖಾಲಿ ಕೈಯಲ್ಲಿ ವಾಪಸ್ ಬರುವುದನ್ನು ನೋಡುತ್ತಲೇ ಇರುತ್ತೇನೆ. ಪ್ರತಿ ಸಲವೂ ಅದೇ ತಪ್ಪು ತಿಳಿವಳಿಕೆ. ಕೇಸು ರದ್ದಾಯಿತು ಅಂದರೆ ಬಾಕಿಯೂ ರದ್ದಾಯಿತು ಅಂದುಕೊಳ್ಳುತ್ತಾರೆ. ಹಾಗಿಲ್ಲ. "ಇವನು ನಿಮಗೆ ಹಣ ಕೊಡಬೇಕಿಲ್ಲ" ಅಂತ ಕೋರ್ಟು ಹೇಳುವುದಿಲ್ಲ. "ಕೊಡಬೇಕಿರಬಹುದು, ಆದರೆ ಅದಕ್ಕೆ ಪೊಲೀಸರು ಮತ್ತು ಜೈಲು ದಾರಿಯಲ್ಲ" ಅನ್ನುತ್ತದೆ. ಎರಡಕ್ಕೂ ಬಹಳ ಅಂತರ ಇದೆ.

ಈ ಅಂತರ ಎಲ್ಲಿಂದ ಬಂತು ಅಂತ ನೋಡಲು 1860ರ ದಂಡ ಸಂಹಿತೆಗೇ, ಅಂದರೆ ಐಪಿಸಿಗೇ, ಹೋಗಬೇಕು. ಮೋಸ ಅಂದರೇನು ಅಂತ ಹೇಳುವ 415ನೇ ಕಲಮಿನ ಕೆಳಗೆ ಕೆಲವು ಉದಾಹರಣೆಗಳಿವೆ. ಒಂದು ನೀಲಿ ಗಿಡದ್ದು, ಬಟ್ಟೆಗೆ ಹಾಕುವ ನೀಲಿ ಬಣ್ಣದ ಬೆಳೆ. ಒಬ್ಬ ನೀಲಿ ಗಿಡ ಕೊಡುತ್ತೇನೆ ಅಂತ ಮುಂಗಡ ತೆಗೆದುಕೊಳ್ಳುತ್ತಾನೆ. ಹಣ ತೆಗೆದುಕೊಳ್ಳುವಾಗಲೇ ಮಾಲು ಕೊಡುವ ಮನಸ್ಸಿರಲಿಲ್ಲ ಅಂದರೆ ಅದು ಮೋಸ. ಆಗ ಕೊಡುವ ಮನಸ್ಸೇ ಇತ್ತು, ಆಮೇಲೆ ಮಾತು ತಪ್ಪಿದ ಅಂದರೆ ಅದು ಮೋಸವಲ್ಲ, ಸಿವಿಲ್ ದಾವೆ ಹಾಕಿಕೊಳ್ಳಬಹುದು ಅಷ್ಟೇ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ, 318ನೇ ಕಲಮಿನಲ್ಲಿ, ಈ ನೀಲಿ ಗಿಡ ಹಾಗೇ ಇದೆ. ಅದರ ಜಾಗದಲ್ಲಿ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಇಟ್ಟುಕೊಂಡು, ಮುಂಗಡದ ಬದಲು ಉದ್ರಿ ಅಂತ ಓದಿ ನೋಡಿ. ನಮ್ಮ ಯಾರ್ಡಿನ ಕಥೆಯೇ ಆಗುತ್ತದೆ.

ಅಂದರೆ ಕಾನೂನು ನೋಡುವುದು ರೊಕ್ಕ ಕೊಡದ ದಿನವನ್ನಲ್ಲ, ಮಾಲು ಎತ್ತಿದ ದಿನವನ್ನು. ಆ ದಿನ ಅವನ ಮನಸ್ಸಲ್ಲಿ ಏನಿತ್ತು? ಸುಪ್ರೀಂ ಕೋರ್ಟು ಇದನ್ನು ಎಷ್ಟೋ ಸಲ ಹೇಳಿದೆ. 2000ದಲ್ಲಿ ಬಿಹಾರದಿಂದ ಬಂದ ಒಂದು ಪ್ರಕರಣದ ತೀರ್ಪನ್ನು ಇವತ್ತಿಗೂ ವಕೀಲರು ಎತ್ತಿ ಓದುತ್ತಾರೆ. ಮೋಸದ ಉದ್ದೇಶ ವ್ಯವಹಾರದ ಶುರುವಿನಲ್ಲೇ ಇರಬೇಕು, ಆಮೇಲೆ ಮಾತು ಉಳಿಸಿಕೊಳ್ಳಲಿಲ್ಲ ಅನ್ನುವುದೊಂದರಿಂದಲೇ ಮೊದಲಿಂದ ಮೋಸ ಇತ್ತು ಅನ್ನಲು ಬರುವುದಿಲ್ಲ ಅಂತ ಅದರಲ್ಲಿದೆ.

ಮನಸ್ಸಿನೊಳಗೆ ಯಾರಿಗೆ ಇಣುಕಿ ನೋಡಲು ಆಗುತ್ತದೆ? ಹಾಗಾಗಿ ಕೋರ್ಟು ನಡವಳಿಕೆ ನೋಡುತ್ತದೆ. ಸಾವ್ಕಾರ್ರ ದೂರಿನಲ್ಲಿ ಎರಡು ಸಂಗತಿ ಅವರಿಗೇ ತಿರುಗಿ ಬಿದ್ದವು. ಒಂದು, ಎರಡು ವರ್ಷದ ಸರಿಯಾದ ವ್ಯವಹಾರ. ಇನ್ನೊಂದು, ಅದೇ ಲೋಡಿಗೆ ಬಂದ 5 ಲಕ್ಷದ 40 ಸಾವಿರ. ಮುಳುಗಿಸಲೆಂದೇ ಮಾಲು ಎತ್ತಿದವನು ಐದು ಲಕ್ಷ ಯಾಕೆ ಕೊಡುತ್ತಾನೆ? ದೂರಿನಲ್ಲಿ "ಮೊದಲಿನಿಂದಲೂ ಮೋಸ ಮಾಡುವ ಉದ್ದೇಶದಿಂದ" ಅನ್ನುವ ಸಾಲು ಇತ್ತು. ಇಂಥ ಹೆಚ್ಚಿನ ದೂರುಗಳಲ್ಲಿ ಆ ಸಾಲು ಇದ್ದೇ ಇರುತ್ತದೆ. ಆ ಸಾಲಿಗೆ ಆಧಾರವಾಗಿ ಒಂದು ಘಟನೆಯಾದರೂ ಕೆಳಗೆ ಇರಬೇಕು. ಇವರದ್ದರಲ್ಲಿ ಇರಲಿಲ್ಲ.

406, ಅಂದರೆ ನಂಬಿಕೆ ದ್ರೋಹ, ಇನ್ನೊಂದು ಗೋಜಲು. ನಾವು ಮಾತಿನಲ್ಲಿ "ನಂಬಿ ಕೊಟ್ಟೆ, ದ್ರೋಹ ಮಾಡಿದ" ಅನ್ನುತ್ತೇವೆ ಅಲ್ವಾ, ಕಾನೂನಿನ ಅರ್ಥ ಅದಲ್ಲ. ಮಾಲು ನಿಮ್ಮದಾಗಿಯೇ ಉಳಿದು, ಇನ್ನೊಬ್ಬರ ಕೈಯಲ್ಲಿ ಇಡಲು ಕೊಟ್ಟಿರಬೇಕು. ಮಾರಿದ ಮಾಲು ಹಾಗಲ್ಲ. ಮಾರಿ ವಶಕ್ಕೆ ಕೊಟ್ಟ ಮೇಲೆ ಅದು ಕೊಂಡವನದ್ದು. ನಿಮಗೆ ಉಳಿಯುವುದು ಬೆಲೆ ಕೇಳುವ ಹಕ್ಕು ಮಾತ್ರ. 2024ರ ಆಗಸ್ಟ್‌ನ ದೆಹಲಿ ರೇಸ್ ಕ್ಲಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಆ ಜಗಳವೂ ಕಾಳುಕಡಿಯದ್ದೇ. ಕುದುರೆಗಳಿಗೆ ಧಾನ್ಯ ಮತ್ತು ಓಟ್ಸ್ ಪೂರೈಸುತ್ತಿದ್ದ ವ್ಯಾಪಾರಿಗೆ 9,11,434 ರೂಪಾಯಿ ಬಾಕಿ ಉಳಿದಿತ್ತು. ಅವರು ಉತ್ತರ ಪ್ರದೇಶದ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಟ್ಟರು, 406ರಲ್ಲಿ ಸಮನ್ಸ್ ಹೋಯಿತು. ಸುಪ್ರೀಂ ಕೋರ್ಟು ರದ್ದು ಮಾಡಿತು. ಒಂದೇ ಸಂಗತಿಗೆ ಮೋಸ ಮತ್ತು ನಂಬಿಕೆ ದ್ರೋಹ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಅಂತಲೂ ಹೇಳಿತು. ಪೊಲೀಸರಿಗೆ ಈ ವ್ಯತ್ಯಾಸದ ಬಗ್ಗೆ ಸರಿಯಾದ ತರಬೇತಿ ಬೇಕು ಅಂತ ನ್ಯಾಯಮೂರ್ತಿಗಳು ಬೇಸರದಿಂದ ಬರೆದಿದ್ದಾರೆ. ಸ್ಟೇಷನ್‌ನಲ್ಲಿ 420ರ ಜೊತೆ 406 ಸೇರಿಸುವುದು ಅಷ್ಟು ರೂಢಿಯಾಗಿಬಿಟ್ಟಿದೆ.

ಇದನ್ನು ಬ್ಯಾಡಗಿಯ ಒಂದು ಚೀಲ ಇಟ್ಟುಕೊಂಡು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ರೈತ ಚೀಲ ತಂದು ದಲಾಲಿ ಅಂಗಡಿ ಮುಂದೆ ಇಳಿಸುತ್ತಾನೆ. ದಲಾಲ ಅದನ್ನು ಕೊಂಡುಕೊಳ್ಳುವುದಿಲ್ಲ, ರೈತನ ಪರವಾಗಿ ಮಾರಿಸಿಕೊಡುತ್ತಾನೆ. ಆ ಹೊತ್ತಿನಲ್ಲಿ ಅವನು ರೈತನ ಏಜೆಂಟ್. ರೈತನ ಮಾಲಿನ ದುಡ್ಡು ಅವನ ಕೈಗೆ ಬಂದು, ಅದನ್ನು ಅವನು ಬೇಕಂತಲೇ ನುಂಗಿದರೆ ಅದು ಬರೀ ಬಾಕಿ ಆಗಿ ಉಳಿಯುವುದಿಲ್ಲ. ಏಜೆಂಟ್, ದಲ್ಲಾಳಿ ಮಾಡುವ ನಂಬಿಕೆ ದ್ರೋಹಕ್ಕೆ ಬೇರೆಯೇ ಕಲಮು ಇದೆ, ಈಗ ನ್ಯಾಯ ಸಂಹಿತೆಯ 316(5). ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಇನ್ನು ಅದೇ ಚೀಲವನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು ರಸೀದಿ ತಗೊಂಡಿರಿ ಅಂದುಕೊಳ್ಳಿ. ಅಲ್ಲಿಯವರು ನಿಮಗೆ ಹೇಳದೆ ಮಾರಿಬಿಟ್ಟರೆ ಅದೂ ನಂಬಿಕೆ ದ್ರೋಹವೇ, ಯಾಕೆಂದರೆ ಚೀಲ ಇನ್ನೂ ನಿಮ್ಮದು. ಆದರೆ ಖರೀದಿದಾರನಿಗೆ ಮಾರಿ ಲಾರಿ ಹೋಯಿತು ಅಂದರೆ ಅದು ಬಾಕಿ. ಚೀಲ ಅದೇ, ಯಾರ್ಡು ಅದೇ. ಯಾರ ಕೈಗೆ ಯಾವ ಲೆಕ್ಕದಲ್ಲಿ ಹೋಯಿತು ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ. ಬಾಕಿ ಕೇಸುಗಳೆಲ್ಲ ಹೇಗೂ ರದ್ದಾಗುತ್ತವೆ ಅಂತ ಈಗ ಕೆಲವರು ಧೈರ್ಯದಿಂದ ಮಾತಾಡುವುದನ್ನು ಕೇಳುತ್ತೇನೆ. ರೈತನ ರೊಕ್ಕ ಹಿಡಿದುಕೊಂಡ ದಲಾಲ ಆ ಮಾತು ನಂಬಬಾರದು.

ರದ್ದು ಮಾಡುವ ಅಧಿಕಾರ ಹೈಕೋರ್ಟಿಗೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 482ರಲ್ಲಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ರಲ್ಲಿದೆ. ಧಾರವಾಡ ಜೊತೆಗೆ ಹಾವೇರಿ, ಗದಗ ಜಿಲ್ಲೆಗಳ ಅರ್ಜಿಗಳೂ ಧಾರವಾಡ ಪೀಠಕ್ಕೇ ಬರುತ್ತವೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಪೀಠ ಇದು. ಯಾವಾಗ ರದ್ದು ಮಾಡಬಹುದು ಅನ್ನುವುದಕ್ಕೆ ಇವತ್ತಿಗೂ ಅಳತೆಗೋಲು 1990ರ ಭಜನ್ ಲಾಲ್ ತೀರ್ಪು. ಅದರಲ್ಲಿ ಏಳು ಸಂದರ್ಭಗಳಿವೆ. ವ್ಯಾಪಾರದ ಜಗಳಕ್ಕೆ ಜಾಸ್ತಿ ಬಳಕೆಯಾಗುವುದು ಎರಡು: ದೂರಿನಲ್ಲಿ ಬರೆದದ್ದನ್ನೆಲ್ಲ ನಿಜ ಅಂತಲೇ ಒಪ್ಪಿದರೂ ಅಪರಾಧ ಕಾಣದಿದ್ದರೆ, ಮತ್ತು ಹಗೆ ತೀರಿಸಿಕೊಳ್ಳಲು ಕೇಸು ಹಾಕಿದ್ದರೆ. ಮೊದಲನೆಯದನ್ನು ಗಮನಿಸಿ. ಈ ಹಂತದಲ್ಲಿ ಯಾರು ಸುಳ್ಳು, ಯಾರು ನಿಜ ಅಂತ ಕೋರ್ಟು ತೂಗುವುದಿಲ್ಲ. ಸಾವ್ಕಾರ್ರ ಮಾತನ್ನು ಪೂರ್ತಿ ನಂಬಿಯೇ ಕೋರ್ಟು ಆ ಆದೇಶ ಬರೆದಿತ್ತು. ಇದನ್ನು ಹೇಳಿದಾಗ ಅವರ ಮುಖ ಸ್ವಲ್ಪ ತಿಳಿಯಾಯಿತು. ತಾವು ಸುಳ್ಳುಗಾರ ಅನಿಸಿಕೊಂಡೆ ಅನ್ನುವ ನೋವು ರೊಕ್ಕದ ನೋವಿಗಿಂತ ದೊಡ್ಡದಿತ್ತು.

ಹಾಗಂತ ವ್ಯಾಪಾರದ ಕೇಸು ಅಂದ ಕೂಡಲೇ ರದ್ದು ಮಾಡಬಾರದು ಅಂತಲೂ ಸುಪ್ರೀಂ ಕೋರ್ಟು ಅಷ್ಟೇ ಗಟ್ಟಿಯಾಗಿ ಹೇಳಿದೆ. 1999ರಲ್ಲಿ ಒಂದು ಸಿದ್ಧ ಉಡುಪು ರಫ್ತಿನ ಪ್ರಕರಣ ಬಂತು. ಹದಿನೈದು ದಿನದಲ್ಲಿ ಹಣ ಕೊಡುತ್ತೇನೆ ಅಂತ ನಂಬಿಸಿ ಮಾಲು ತರಿಸಿಕೊಂಡ ಆರೋಪ. ಹೈಕೋರ್ಟು ಎಫ್‌ಐಆರ್ ರದ್ದು ಮಾಡಿತ್ತು, ಸುಪ್ರೀಂ ಕೋರ್ಟು ಅದನ್ನು ಮತ್ತೆ ಜೀವಂತ ಮಾಡಿತು. ಎಷ್ಟೋ ಮೋಸಗಳು ನಡೆಯುವುದೇ ವ್ಯಾಪಾರದ ನಡುವೆ ಅಂದಿತು. 2006ರ ಇಂಡಿಯನ್ ಆಯಿಲ್ ತೀರ್ಪು ಇನ್ನೂ ಕುತೂಹಲದ್ದು. ವಿಮಾನದ ಇಂಧನವನ್ನು ಉದ್ರಿ ಕೊಟ್ಟ ವ್ಯವಹಾರ ಅದು. ಭದ್ರತೆಗೆಂದು ವಿಮಾನಗಳನ್ನೇ ಬರೆದುಕೊಟ್ಟಿದ್ದರು. ಆಮೇಲೆ ಅವುಗಳ ಎಂಜಿನ್ ಬಿಚ್ಚಿದರು ಅನ್ನುವ ಆರೋಪ ಬಂತು. ಸಿವಿಲ್ ಜಗಳವನ್ನು ಕ್ರಿಮಿನಲ್ ಮಾಡುವ ಚಾಳಿ ಹೆಚ್ಚುತ್ತಿದೆ ಅಂತ ಎಚ್ಚರಿಸಿದ್ದು ಇದೇ ತೀರ್ಪು. ಆದರೂ ಆ ಪ್ರಕರಣದಲ್ಲಿ ನಂಬಿಕೆ ದ್ರೋಹದ ಆರೋಪವನ್ನು ಕೈಬಿಟ್ಟು, ಮೋಸದ ಆರೋಪ ಮುಂದುವರಿಯಲು ಬಿಟ್ಟಿತು. ಸಿವಿಲ್ ದಾರಿ ಇದೆ ಅನ್ನುವುದು ಒಂದೇ ಕಾರಣಕ್ಕೆ ಕ್ರಿಮಿನಲ್ ದಾರಿ ಮುಚ್ಚುವುದಿಲ್ಲ.

ಹಾಗಾದರೆ ಮಾಲು ಎತ್ತಿದ ದಿನದ ಮೋಸ ಹೇಗೆ ಕಾಣುತ್ತದೆ? ನನ್ನ ಅನುಭವದಲ್ಲಿ ಅದು ಖಾತೆಯಲ್ಲೇ ಕಾಣುತ್ತದೆ. ಜಿಎಸ್‌ಟಿ ನಂಬರು ಬೇರೆ ಯಾರದ್ದೋ ಇರುತ್ತದೆ. ಇ-ವೇ ಬಿಲ್‌ನಲ್ಲಿ ಬರೆದ ಊರಿಗೆ ಲಾರಿ ಹೋಗಿಯೇ ಇರುವುದಿಲ್ಲ. ಮೊದಲ ಎರಡು ಸಣ್ಣ ಲೋಡಿಗೆ ನಗದು ಕೊಟ್ಟು, ಮೂರನೆಯ ದೊಡ್ಡ ಲೋಡನ್ನು ಉದ್ರಿ ಎತ್ತಿ, ಮರುದಿನವೇ ಕೊಂಡದ್ದಕ್ಕಿಂತ ಕಡಿಮೆ ದರಕ್ಕೆ ಮಾರಿರುತ್ತಾನೆ. ಅದೇ ವಾರ ಇನ್ನೂ ನಾಲ್ಕು ಅಂಗಡಿಗೆ ಇದೇ ಆಗಿರುತ್ತದೆ. ಕೊಟ್ಟ ಚೆಕ್ಕಿನ ಖಾತೆಯನ್ನು ಮೊದಲೇ ಮುಚ್ಚಿರುತ್ತಾನೆ. ಇಂಥದ್ದನ್ನು ದಾಖಲೆ ಸಮೇತ ದೂರಿನಲ್ಲಿ ಬರೆದರೆ ಆ ಕೇಸನ್ನು ಆರಂಭದಲ್ಲೇ ರದ್ದು ಮಾಡಿಸುವುದು ಸುಲಭವಲ್ಲ. ಮಾಡಬಾರದು ಕೂಡ. ಇಂಥವರಿಂದ ಮನೆ ಮಾರಿಕೊಂಡ ದಲಾಲರನ್ನು ನಾನು ಬಲ್ಲೆ.

ಹಾಗಿದ್ದೂ ಎಲ್ಲರೂ ಮೊದಲು ಸ್ಟೇಷನ್ನಿಗೇ ಓಡುವುದು ಯಾಕೆ? ಸಿವಿಲ್ ದಾವೆ ಅಂದರೆ ವರ್ಷಗಟ್ಟಲೆ ಅನ್ನುವ ಭಯ. ಅದು ಸುಳ್ಳು ಭಯವಲ್ಲ. ಸ್ಟೇಷನ್ನಿನಿಂದ ಒಂದು ಫೋನ್ ಹೋದರೆ "ಸಾವ್ಕಾರ್ರ, ಎಂಟ್ ದಿನ ತಡೀರಿ, ಕಳಸ್ತೀನ್ರಿ" ಅನ್ನುವ ಮಾತಾದರೂ ಬರುತ್ತದೆ. ಬಂಧನದ ಹೆದರಿಕೆಯೇ ಅಲ್ಲಿ ಬಂಡವಾಳ. ಆದರೆ ಆ ಹೆದರಿಕೆಯೂ ಈಗ ಮೊದಲಿನಂತಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸುವಂತಿಲ್ಲ, ಕಾರಣ ಬರೆದಿಡಬೇಕು, ಹಾಜರಾಗಲು ನೋಟಿಸ್ ಕೊಡಬೇಕು ಅಂತ 2014ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. 420 ಏಳು ವರ್ಷದ್ದೇ. ವ್ಯಾಪಾರದ ದೂರು ಬಂದಾಗ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ 2013ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅವಕಾಶ ಕೊಟ್ಟಿದೆ. 2025ರ ಏಪ್ರಿಲ್‌ನಲ್ಲಂತೂ ಸಿವಿಲ್ ಜಗಳವನ್ನು ಕ್ರಿಮಿನಲ್ ಮಾಡಿದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉತ್ತರ ಪ್ರದೇಶ ಸರ್ಕಾರಕ್ಕೇ 50,000 ರೂಪಾಯಿ ದಂಡ ಹಾಕಿತು.

ಸ್ಟೇಷನ್ ಅಲೆದಾಟದ ನಿಜವಾದ ನಷ್ಟ ಬೇರೆಯೇ ಇದೆ. ನನಗೆ ಈಗಲೂ ಸಂಕಟವಾಗುವುದು ಅದಕ್ಕೇ.

ಖರೀದಿದಾರ 2024ರ ಏಪ್ರಿಲ್ 10ರ ತಾರೀಖಿನ ಚೆಕ್ ಕೊಟ್ಟಿದ್ದ. ಎಂಟು ದಿನಕ್ಕೆ ಅದು ಬೌನ್ಸ್ ಆಯಿತು. ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ, ಮುಂದಿನ ಒಂದು ತಿಂಗಳಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು. ಇದು ಚೆಕ್ ಬೌನ್ಸ್ ಕಾನೂನಿನ 138. ಮೋಸದ ಉದ್ದೇಶ ತೋರಿಸುವ ತಾಪತ್ರಯ ಇಲ್ಲಿಲ್ಲ. ಚೆಕ್ ಬಾಕಿಗಾಗಿಯೇ ಕೊಟ್ಟದ್ದು ಅಂತ ಕಾನೂನೇ ಊಹಿಸಿಕೊಳ್ಳುತ್ತದೆ, ಅಲ್ಲ ಅಂತ ತೋರಿಸುವುದು ಚೆಕ್ ಕೊಟ್ಟವನ ಹೊಣೆ. ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ. ವಿಚಾರಣೆ ನಡೆಯುವಾಗಲೇ ಮೊತ್ತದ ನೂರಕ್ಕೆ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಲೂ ಕೋರ್ಟಿಗೆ ಅಧಿಕಾರ ಇದೆ. ಸಾವ್ಕಾರ್ರ ಕೈಯಲ್ಲಿ ಇಷ್ಟು ಗಟ್ಟಿ ಅಸ್ತ್ರ ಇತ್ತು. ಅವರು ಆ ಮೆಮೊವನ್ನು ದೂರಿನ ಫೈಲಿಗೆ ಪಿನ್ ಮಾಡಿ ಒಂದೂವರೆ ತಿಂಗಳು ಸ್ಟೇಷನ್ನಿಗೆ ಓಡಾಡಿದರು. "ಇವತ್ತು ಕರಸ್ತೀವಿ, ನಾಳೆ ಕರಸ್ತೀವಿ" ಅಂತ ಮೇ ತಿಂಗಳು ಹೋಯಿತು, ನೋಟಿಸಿನ ಗಡುವೂ ಹೋಯಿತು. ಚೆಕ್ಕಿನ ಆಯುಷ್ಯ ಮೂರು ತಿಂಗಳು. ಜುಲೈ 10ರೊಳಗೆ ಅದೇ ಚೆಕ್ ಮತ್ತೊಮ್ಮೆ ಹಾಕಿದ್ದರೆ ಹೊಸ ಮೆಮೊ, ಹೊಸ 30 ದಿನ ಸಿಗುತ್ತಿತ್ತು. ಯಾರೂ ಹೇಳಲಿಲ್ಲ. ನನ್ನ ಮುಂದೆ ಆ ಫೈಲು ಬಂದದ್ದು ಆಗಸ್ಟ್‌ನಲ್ಲಿ. ಚೆಕ್ಕಿಗೆ ಚುಚ್ಚಿದ್ದ ಪಿನ್ನಿಗೆ ತುಕ್ಕು ಹಿಡಿಯಲು ಶುರುವಾಗಿತ್ತು.

ಪೊಲೀಸ್ ದೂರು ಕೊಟ್ಟರೆ ಸಿವಿಲ್ ದಾವೆಯ ಗಡಿಯಾರ ನಿಲ್ಲುವುದಿಲ್ಲ ಅನ್ನುವುದೂ ಎಲ್ಲರಿಗೆ ಗೊತ್ತಿಲ್ಲ. ಮಾರಿದ ಮಾಲಿನ ಬೆಲೆ ಕೇಳಲು ಮೂರು ವರ್ಷ. ಹೈಕೋರ್ಟಿನಲ್ಲಿ ರದ್ದತಿ ಅರ್ಜಿ ಎರಡು ವರ್ಷ ನಡೆದರೆ ನಿಮಗೆ ಉಳಿಯುವುದು ಒಂದೇ ವರ್ಷ. ಭಾಗಶಃ ಹಣ ಬಂದಿದ್ದಕ್ಕೆ ಬರಹದ ದಾಖಲೆ ಇದ್ದರೆ, ಅಥವಾ ಬಾಕಿ ಒಪ್ಪಿ ಅವನೇ ಬರೆದುಕೊಟ್ಟಿದ್ದರೆ ಲೆಕ್ಕ ಸ್ವಲ್ಪ ಮುಂದೆ ಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬಾಕಿ ತಾಳೆ ಪತ್ರಕ್ಕೆ ಸಹಿ ತಗೊಳ್ಳಿ ಅಂತ ನಾನು ಎಲ್ಲರ ಹತ್ತಿರ ಹಟ ಹಿಡಿಯುತ್ತೇನೆ.

45 ದಿನದೊಳಗೆ ಬಾಕಿ ಕೊಡಬೇಕು ಅನ್ನುವ ಸಣ್ಣ ಉದ್ಯಮಗಳ ಕಾನೂನಿನ ನಿಯಮ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. 2006ರ ಆ ಕಾಯ್ದೆಯಲ್ಲಿ ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಇದೆ, ವಸೂಲಿಗೆ ಪ್ರತ್ಯೇಕ ಮಂಡಳಿ ಇದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವವರಿಗೆ ಅದು ನಿಜಕ್ಕೂ ಉಪಯೋಗ. ಆದರೆ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ ನೋಂದಣಿ ಕೊಟ್ಟದ್ದು ಬ್ಯಾಂಕ್ ಸಾಲದ ಅನುಕೂಲಕ್ಕೆ ಮಾತ್ರ, ಈ ವಸೂಲಿ ದಾರಿಗಲ್ಲ. ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಉದ್ಯಮ್ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದವರಿಗೆ ಇದನ್ನು ಹೇಳುವಾಗ ಬೇಜಾರಾಗುತ್ತದೆ. ಕಾಳುಕಡಿ, ಮೆಣಸಿನಕಾಯಿ, ಹತ್ತಿ ವ್ಯಾಪಾರದ ಉದ್ರಿಗೂ ಇಂಥದ್ದೊಂದು ಬೇಗ ವಸೂಲಾಗುವ ದಾರಿ ಸರ್ಕಾರ ಮಾಡಲೇಬೇಕು. ಕ್ರಿಮಿನಲ್ ಬಾಗಿಲು ಮುಚ್ಚುವುದು ಸರಿ. ಆದರೆ ಸಿವಿಲ್ ಬಾಗಿಲು ಅರ್ಧ ಮಾತ್ರ ತೆರೆದಿಟ್ಟು ಕ್ರಿಮಿನಲ್ ಬಾಗಿಲು ಮುಚ್ಚಿದರೆ ಮಾಲು ಕೊಟ್ಟವನು ಎಲ್ಲಿಗೆ ಹೋಗಬೇಕು?

ಈಗ ಇರುವುದರಲ್ಲಿ ಒಂದು ದಾರಿಯನ್ನು ನಮ್ಮವರು ಬಳಸಿದ್ದು ಕಡಿಮೆ. 3 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದ ವ್ಯಾಪಾರದ ಜಗಳ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆ ಕೇಳುವುದಿಲ್ಲ ಅಂದರೆ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಇದು ಬರೀ ಶಾಸ್ತ್ರಕ್ಕಲ್ಲ, ಮಾಡದಿದ್ದರೆ ದಾವೆಯೇ ತಿರಸ್ಕಾರ ಅಂತ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಬೇಕು. ಮೂರು ತಿಂಗಳಲ್ಲಿ ಮುಗಿಯಬೇಕು, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. ಅಲ್ಲಿ ಆದ ಒಪ್ಪಂದಕ್ಕೆ ಪಂಚಾಯ್ತಿ (ಆರ್ಬಿಟ್ರೇಷನ್) ತೀರ್ಪಿನಷ್ಟೇ ಕಾನೂನಿನ ಬಲ ಇದೆ, ತಪ್ಪಿದರೆ ನೇರ ಜಾರಿಗೆ ಹೋಗಬಹುದು. ಸ್ಟೇಷನ್ನಿನಲ್ಲಿ ಬಿಳಿ ಹಾಳೆ ಮೇಲೆ ಬರೆಸಿಕೊಂಡ ಮುಚ್ಚಳಿಕೆಗೆ ಈ ಬಲ ಇಲ್ಲ.

ಸಾವ್ಕಾರ್ರು ಮೊದಲು ಒಪ್ಪಲಿಲ್ಲ. "ಹೈಕೋರ್ಟಿಗೆ ಬಗ್ಗದಾಂವ ಇಲ್ಲಿ ಬರ್ತಾನೇನ್ರಿ?" ಅಂದರು. ನಾನೂ ಅವರ ಮಗನೂ ಕೂತು ಬಿಲ್ಲು, ಲಾರಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟು, ವಾಟ್ಸಾಪಿನಲ್ಲಿ ಅವನು "ಬಾಕಿ ಅಮೌಂಟ್ ಕಳಸ್ತೀನಿ" ಅಂತ ಬರೆದದ್ದು, ಎಲ್ಲ ತೆಗೆದು ಕ್ರಮವಾಗಿ ಜೋಡಿಸಿದೆವು. ಹಾವೇರಿಯಲ್ಲಿ ಅರ್ಜಿ ಹಾಕಿದೆವು. ಮೊದಲ ತಾರೀಖಿಗೆ ಅವನು ಬರಲಿಲ್ಲ. ಎರಡನೆಯದಕ್ಕೆ ವಕೀಲರ ಜೊತೆ ಬಂದ. ಕ್ರಿಮಿನಲ್ ಕೇಸು ತಲೆ ಮೇಲಿಂದ ಇಳಿದಿದ್ದಕ್ಕೋ ಏನೋ, ಮೊದಲ ಸಲ ಇಬ್ಬರೂ ಏರುದನಿ ಇಲ್ಲದೆ ಮಾತಾಡಿದರು. ಬಾಕಿ ಇಲ್ಲ ಅಂತ ಅವನು ಅನ್ನಲಿಲ್ಲ. ಮಾಲು ಎಷ್ಟು ದರಕ್ಕೆ ಹೋಯಿತು ಅಂತ ತನ್ನ ಚೀಟಿ ತೋರಿಸಿದ. ಬಡ್ಡಿ ಬಿಟ್ಟು ಅಸಲು ಎಂಟು ಕಂತು ಅಂತ ಆಯಿತು.

ಇಲ್ಲಿಯವರೆಗೆ ಮೂರು ಕಂತು ಬಂದಿವೆ. ಮೂರನೆಯದು ಹನ್ನೊಂದು ದಿನ ತಡವಾಗಿ ಬಂತು. ಆ ಹನ್ನೊಂದೂ ದಿನ ಸಾವ್ಕಾರ್ರು ಬೆಳಗ್ಗೆ ಬೆಳಗ್ಗೆ ನನಗೆ ಫೋನ್ ಮಾಡುತ್ತಿದ್ದರು. ನಾಲ್ಕನೆಯದು ಮುಂದಿನ ತಿಂಗಳ 5ಕ್ಕೆ ಬರಬೇಕು.